ಪ್ಲಾನ್ ದೊಡ್ಡದಾದರೆ ಪಿಂಗ್ ಇಳಿಯುವುದಿಲ್ಲ

ಪ್ರಶ್ನೆ: ಮಣಿಪಾಲದ ನಮ್ಮ ಬಾಡಿಗೆ ಕೋಣೆಯಲ್ಲಿ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಫೈಬರ್ ಸಂಪರ್ಕವಿದೆ. ಆದರೂ ನ್ಯೂಯಾರ್ಕಿನ ಸರ್ವರ್‌ಗೆ ಪಿಂಗ್ (ಪುಟ್ಟ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) 250 ಮಿಲಿಸೆಕೆಂಡಿಗಿಂತ ಕೆಳಗಿಳಿಯುವುದಿಲ್ಲ. 300ರ ಪ್ಲಾನ್ ಹಾಕಿಸಿದರೆ ಸರಿಹೋದೀತೇ?

ಉತ್ತರ: ಸರಿಹೋಗುವುದಿಲ್ಲ. ಉಡುಪಿ, ಸುರತ್ಕಲ್ ಕಡೆಯ ವಿದ್ಯಾರ್ಥಿಗಳಿಂದ ಪ್ರತಿ ಸೆಮಿಸ್ಟರ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಎಷ್ಟು ಬಿಟ್ ಸಾಗಬಲ್ಲವು) ಮತ್ತು ವಿಳಂಬದ (ತಲುಪಲು ಎಷ್ಟು ಹೊತ್ತು) ವ್ಯಾಖ್ಯೆಗಳನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದವರೇ ಇದನ್ನು ಕೇಳುತ್ತಾರೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. 1,500 ಬೈಟ್‌ಗಳ ಪ್ಯಾಕೆಟ್ (ದತ್ತಾಂಶದ ಒಂದು ಕಂತೆ) ಎಂದರೆ 12,000 ಬಿಟ್; ಅದನ್ನು 100 ಎಂಬಿಪಿಎಸ್ ಕೊಂಡಿಗೆ ಏರಿಸಲು 0.12 ಮಿಲಿಸೆಕೆಂಡು ಸಾಕು, 300ರಲ್ಲಾದರೆ 0.04. ಹೆಚ್ಚುವರಿ ಹಣ ತೆತ್ತು ನೀವು ಉಳಿಸುವುದು ಇವೆರಡರ ವ್ಯತ್ಯಾಸವನ್ನಷ್ಟೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ, ನ್ಯೂಯಾರ್ಕ್ ಇಲ್ಲಿಂದ ನೇರ ಅಳತೆಯಲ್ಲೇ ಸುಮಾರು 13,000 ಕಿಲೋಮೀಟರ್ ದೂರದಲ್ಲಿದೆ. ಹೋಗಿ ಬರಲು 130 ಮಿಲಿಸೆಕೆಂಡು ಬೇಕೇ ಬೇಕು. ಸಮುದ್ರದಡಿಯ ಕೇಬಲ್ ಸುತ್ತುಬಳಸಿ ಹೋಗುವುದರಿಂದ ಮತ್ತು ನಡುವಿನ ರೂಟರ್‌ಗಳ ಸರತಿಯಿಂದ ಉಳಿದದ್ದು ಸೇರಿಕೊಳ್ಳುತ್ತದೆ.

ಈ ವಿಳಂಬವೇ ಡೌನ್‌ಲೋಡ್ ವೇಗವನ್ನೂ ಕಟ್ಟಿಹಾಕಬಲ್ಲದು. ಫೈಲ್‌ಗಳನ್ನು ತಪ್ಪಿಲ್ಲದೆ ತಲುಪಿಸುವ ನಿಯಮಾವಳಿಯಾದ ಟಿಸಿಪಿಯ ಹೆಡರ್‌ನಲ್ಲಿ (ಪ್ರತಿ ಕಂತೆಯ ತಲೆಬರಹದಲ್ಲಿ) ವಿಂಡೋ ಕ್ಷೇತ್ರ, ಅಂದರೆ ಒಮ್ಮೆಗೆ ಎಷ್ಟು ಕಳುಹಿಸಬಹುದೆಂದು ಹೇಳುವ ಅಂಕಿ, 16 ಬಿಟ್‌ನದ್ದಾದ್ದರಿಂದ, ಆ ಅಂಕಿಯನ್ನು ಗುಣಿಸಿ ಹಿಗ್ಗಿಸುವ ವಿಂಡೋ ಸ್ಕೇಲಿಂಗ್ ಇಲ್ಲದಿದ್ದರೆ ಒಂದು ಸಂಪರ್ಕದಲ್ಲಿ ‘ತಲುಪಿತು’ ಎಂಬ ಸ್ವೀಕೃತಿ ಬರುವ ಮೊದಲು 65,535 ಬೈಟ್‌ಗಳಿಗಿಂತ ಹೆಚ್ಚು ಕಳುಹಿಸುವಂತಿಲ್ಲ. 250 ಮಿಲಿಸೆಕೆಂಡಿಗೊಮ್ಮೆ ಅಷ್ಟೇ ಸಾಗಿದರೆ ಸಿಗುವ ವೇಗ ಸುಮಾರು 2.1 ಎಂಬಿಪಿಎಸ್, ಪ್ಲಾನ್ 100ರದ್ದಾದರೂ ಅಷ್ಟೇ, 1,000ದ್ದಾದರೂ ಅಷ್ಟೇ. 1992ರ ಆರ್‌ಎಫ್‌ಸಿ 1323 (ಇಂಟರ್ನೆಟ್ ನಿಯಮಗಳ ದಾಖಲೆ) ಸ್ಕೇಲಿಂಗನ್ನು ಐಚ್ಛಿಕ ಸೌಲಭ್ಯವಾಗಿ ನಿರೂಪಿಸಿದ್ದು ಇದಕ್ಕಾಗಿಯೇ.

ಹಣ ಕಟ್ಟುವ ಮೊದಲು ನಿಮ್ಮ ಕೋಣೆಯ ರೂಟರ್‌ಗೇ ಪಿಂಗ್ ಮಾಡಿ ನೋಡಿ. ಅಲ್ಲಿಯೇ ಅಂಕಿ 2ರಿಂದ 80ಕ್ಕೆ ಜಿಗಿದಾಡುತ್ತಿದ್ದರೆ ತೊಂದರೆ ವೈಫೈನದ್ದು, ಕೇಬಲ್ ಹಾಕಿ. ಜೊತೆಗಾರರು ದೊಡ್ಡ ಫೈಲ್ ಅಪ್‌ಲೋಡ್ ಮಾಡುವಾಗ ಮಾತ್ರ ಹೊರಗಿನ ಪಿಂಗ್ ಏರುತ್ತಿದ್ದರೆ ಅದು ರೂಟರ್ ಬಫರ್‌ನ (ಪ್ಯಾಕೆಟ್‌ಗಳು ಕಾಯುವ ಜಾಗದ) ಸರತಿ. ಅಪ್‌ಲೋಡ್‌ಗೆ ಮಿತಿ ಹಾಕಿ.

ಪ್ರಶ್ನೆ: ಡಿಎನ್‌ಎಸ್ ಬದಲಿಸಿದರೆ, ಬೂಸ್ಟರ್ ಆ್ಯಪ್ ಹಾಕಿದರೆ ಡೌನ್‌ಲೋಡ್ ವೇಗ ಏರುತ್ತದೆಯೇ?

ಉತ್ತರ: ಡಿಎನ್‌ಎಸ್ ಹೆಸರನ್ನು ವಿಳಾಸವಾಗಿಸುವುದಷ್ಟೆ, ಆಮೇಲಿನ ಫೈಲ್ ವರ್ಗಾವಣೆಯಲ್ಲಿ ಅದಕ್ಕೆ ನೇರ ಪಾತ್ರವಿಲ್ಲ; ಬೆಳಕಿನ ವೇಗ ಹೆಚ್ಚಿಸುತ್ತೇವೆಂಬ ಧಾಟಿಯಲ್ಲಿ ಆ್ಯಪ್ ಮಾರುವವರು ಶುದ್ಧ ಮೋಸಗಾರರು, ಅಂಥವನ್ನು ಫೋನಿಗೆ ಇಳಿಸಿಕೊಳ್ಳಲೇಬೇಡಿ.

ಪ್ರಶ್ನೆ: 100 ಎಂಬಿಪಿಎಸ್ ಇದ್ದರೂ ಫೈಲ್ ಸೆಕೆಂಡಿಗೆ 12 ಮೆಗಾಬೈಟ್ ವೇಗದಲ್ಲೇ ಇಳಿಯುತ್ತದೆ, ಏಕೆ?

ಉತ್ತರ: ಪ್ಲಾನ್ ಅಳೆಯುವುದು ಬಿಟ್‌ನಲ್ಲಿ, ಫೈಲ್ ಅಳೆಯುವುದು ಬೈಟ್‌ನಲ್ಲಿ; ಬಿಟ್‌ಗಳನ್ನು 8ರಿಂದ ಭಾಗಿಸಿ ಬೈಟ್ ಮಾಡಿ, ನಿಮಗೆ ಸಿಗಬೇಕಾದದ್ದು ಸಿಗುತ್ತಿದೆ.