ಅತ್ತೆಯ ಉಪ್ಪು, ಸೊಸೆಯ ಸಂಬಳ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇವರನ್ನು ಸಹನಾ ಎನ್ನೋಣ. ಓದಲು ಸಿಯೋಲ್‌ಗೆ ಹೋದವರು ಅಲ್ಲಿಯ ಹುಡುಗನನ್ನೇ ಮದುವೆಯಾದರು. ಈಗ ಗಂಡನ ಊರಿನಲ್ಲಿದ್ದಾರೆ. ಕೊರಿಯಾದಲ್ಲಿ ಹುರಿದ ಗಿಮ್‌ಗೆ, ಅಂದರೆ ಕಾಗದದಷ್ಟು ತೆಳ್ಳಗಿನ ಕಡಲಪಾಚಿ ಹಾಳೆಗೆ, ಗ್ವಾಂಗ್‌ಚೊನ್ ಹೆಸರುವಾಸಿ. ಇವರದು ಅಂಥದ್ದೇ ಇನ್ನೊಂದು ಊರು. ಮನೆ ಹಿಂದೆಯೇ ಅತ್ತೆ ಮಾವನ ಹುರಿಯುವ ಶೆಡ್ಡು.

ಮೊದಲ ಆನ್‌ಲೈನ್ ಭೇಟಿಯಲ್ಲಿ ಅರ್ಧ ಗಂಟೆ ಬರೀ ಉಪ್ಪಿನ ಮಾತು. ಅತ್ತೆ ಹಾಳೆಗೆ ಎಳ್ಳೆಣ್ಣೆ ಸವರಿ, ಕೈಯಿಂದಲೇ ಉಪ್ಪು ಉದುರಿಸುತ್ತಾರೆ. ಕಪ್ಪು ಹಾಳೆ ಬಿಸಿಗೆ ಹಸಿರಾದ ಕೂಡಲೇ ತೆಗೆಯಬೇಕು, ತಡವಾದರೆ ಕಹಿ. ಸಹನಾ ಉಪ್ಪು ಕಡಿಮೆ ಮಾಡಿ, ಎರಡು ಹಾಳೆ ಮಧ್ಯೆ ಬಾದಾಮಿ ಚೂರು ಇಟ್ಟು ಮಕ್ಕಳಿಗೊಂದು ತಿಂಡಿ ಮಾಡಿದ್ದರು. ಅತ್ತೆ ಒಂದು ತುಂಡು ತಿಂದು, "ಇದು ಆಸ್ಪತ್ರೆ ಊಟ" ಅಂದರಂತೆ.

"ಬುಗಾಕ್ ಅಂತ ಇದೆ ಮೇಡಂ. ಗಿಮ್‌ಗೆ ಅಂಟಕ್ಕಿ ಗಂಜಿ ಸವರಿ, ಒಣಗಿಸಿ ಕರಿಯೋದು. ಥೇಟ್ ನಮ್ಮ ಸಂಡಿಗೆ. ಎಣ್ಣೆ ಬೇಡ, ಓವನ್‌ನಲ್ಲಿ ಮಾಡೋಣ ಅಂದ್ರೂ ಕೇಳಲ್ಲ."

"ತಿಂಗಳಿಗೆ ನಿಮಗೆಷ್ಟು ಕೊಡ್ತಾರೆ?" ಎಂದೆ.

ಸುಮ್ಮನಾದರು. ಆಮೇಲೆ ಅತ್ತರು. ನಾಲ್ಕು ವರ್ಷದಿಂದ ಒಂದು ಪೈಸೆ ಇಲ್ಲ. ಚಾಂದ್ರಮಾನ ಹೊಸವರ್ಷಕ್ಕೆ ಉಡುಗೊರೆ ಡಬ್ಬಿ ತುಂಬುವಾಗ ರಾತ್ರಿ ಹನ್ನೊಂದಾದರೂ ಕೆಲಸ ಮುಗಿಯದು.

ಅತ್ತೆಯ ಭಯವೂ ಸುಳ್ಳಲ್ಲ. ಹೊರದೇಶಗಳ ಬೇಡಿಕೆ ಏರಿ, 2024ರ ಏಪ್ರಿಲ್‌ನಲ್ಲಿ 100 ಒಣ ಹಾಳೆಗಳ ಕಟ್ಟಿನ ಸಗಟು ದರ 10,000 ವಾನ್ ದಾಟಿತ್ತು. ಹಾಳೆ ಕೊಂಡು ಹುರಿಯುವವರಿಗೆ ಅದು ದೊಡ್ಡ ಹೊಡೆತ. ಆ ಹೊತ್ತಲ್ಲಿ ಹೊಸ ತಿಂಡಿ ಅಂದರೆ ಯಾರಿಗೆ ತಾನೇ ಧೈರ್ಯ ಬಂದೀತು?

ಮುಂದಿನ ಸಲ ಗಂಡನೂ ಕೂತರು. ಸಂಬಳದ ಮಾತು ಬಂದಾಗ ಪಾಪ, ತುಂಬ ಸಹಜವಾಗಿ ಹೇಳಿಬಿಟ್ಟರು: "ಅಮ್ಮನಿಗೂ ಇಲ್ವಲ್ಲ." ಮೂವತ್ತು ವರ್ಷ ದುಡಿದ ಹೆಂಗಸು. ಬ್ಯಾಂಕ್ ಖಾತೆ ಮಾವನ ಹೆಸರಲ್ಲಿ. ಸಹನಾ ಬೆರಗಾಗಿ ಗಂಡನ ಮುಖ ನೋಡಿದರು. ಸಹನಾಗೂ ಇದು ಗೊತ್ತಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಸಂಬಳ ಕೇಳಿ, ಆದರೆ ಇಬ್ಬರಿಗೂ ಕೇಳಿ. ಮಾವನ ಹತ್ತಿರ ಮಾತೆತ್ತಬೇಕಾದವರು ಗಂಡ, ನೀವಲ್ಲ. ಊಟದ ಹೊತ್ತಿನಲ್ಲಂತೂ ಬೇಡ. ಹೊಸ ತಿಂಡಿಗೆ ಮೂರು ತಿಂಗಳು ಗಡುವು, ಸಣ್ಣ ಪ್ರಮಾಣ, ಬೇರೆ ಲೆಕ್ಕದ ಪುಸ್ತಕ. ಅತ್ತೆಯ ಗಿಮ್‌ನ ಉಪ್ಪಿನ ತಂಟೆಗೆ ಹೋಗಬೇಡಿ. ಇನ್ನೊಂದು: ಪೊಟ್ಟಣದ ಮೇಲೆ "ಥೈರಾಯ್ಡ್‌ಗೆ ಒಳ್ಳೆಯದು" ಅಂತ ಬರೆದಿದ್ದರು. ಅದನ್ನು ತೆಗೆಸಿದೆ. ಕಡಲಪಾಚಿಯಲ್ಲಿ ಅಯೋಡಿನ್ ಇದೆ ನಿಜ, ಆದರೆ ಅದು ಜಾಸ್ತಿಯಾದರೂ ಥೈರಾಯ್ಡ್‌ಗೆ ತೊಂದರೆಯೇ ಅಲ್ವಾ?

ಮಾವ ಒಪ್ಪಲು ಎರಡು ತಿಂಗಳು ಹಿಡಿಯಿತು. ಇಬ್ಬರಿಗೂ ಈಗ ಒಂದನೇ ತಾರೀಕು ಹಣ ಬರುತ್ತದೆ. ಬಾದಾಮಿ ತಿಂಡಿಯಲ್ಲಿ ಇನ್ನೂ ಲಾಭ ಕಂಡಿಲ್ಲ. ಮೊದಲ ಸಂಬಳದಲ್ಲಿ ಅತ್ತೆ ಏನು ಕೊಂಡರು ಎಂದು ಕೇಳಿದೆ. ಯಾರಿಗೂ ಹೇಳುತ್ತಿಲ್ಲವಂತೆ.