ಓದುಗರ ಪ್ರಶ್ನೆ: ಇಂಜಿನ್ ಮಾತೇ ಇಲ್ಲದ ಕಾರ್ ಜಾಹೀರಾತು

ಪ್ರಶ್ನೆ: ಸರ್, ಹಳೇ ಎಸ್ಟೇಟ್ ಬಂಗಲೆ ಅಟ್ಟ ಖಾಲಿ ಮಾಡುವಾಗ ಅಮೆರಿಕದ ವಾರಪತ್ರಿಕೆಗಳ ಒಂದು ಕಟ್ಟು ಸಿಕ್ತು. 1923ರ ಒಂದು ಪುಟದಲ್ಲಿ ಕಾರ್ ಜಾಹೀರಾತು, ಹುಡುಗಿ ಕಾರ್ ಓಡಿಸ್ತಿದಾಳೆ, ಪಕ್ಕದಲ್ಲಿ ಕುದುರೆ ಮೇಲೆ ಒಬ್ಬ ರೇಸಿಗೆ ಬಿದ್ದಿದಾನೆ. ಕೆಳಗೆ ಏನೋ ಕವಿತೆ ಥರ ಬರೆದಿದಾರೆ, ಇಂಜಿನ್ ಬಗ್ಗೆ ಒಂದು ಮಾತಿಲ್ಲ. ಹಿಂಗೆ ಬರೆದ್ರೆ ಯಾರು ತಗೋತಾರೆ?
ಓದುಗರು, ಸಕಲೇಶಪುರ

ಉತ್ತರ: ತಗೊಂಡ್ರು ಮಾರಾಯ್ರೇ! ತಲೆಬರಹ ‘ಸಮ್‌ವೇರ್ ವೆಸ್ಟ್ ಆಫ್ ಲಾರಮಿ’ ಅಂತ ಇದ್ಯಾ ನೋಡಿ, ಇದ್ರೆ ಅದು ಜೋರ್ಡನ್ ಪ್ಲೇಬಾಯ್ ಕಾರಿನ ಜಾಹೀರಾತು, ಜಾಹೀರಾತಿನ ಪಾಠ ಮಾಡೋರು ಇವತ್ತಿಗೂ ಅದರ ಹೆಸರು ಎತ್ತದೇ ಇರಲ್ಲ. ಬರೆದವನು ಕಂಪನಿ ಮಾಲೀಕ ನೆಡ್ ಜೋರ್ಡನ್ ತಾನೇ. ರೈಲಲ್ಲಿ ವಯೋಮಿಂಗ್ ದಾಟ್ತಿರುವಾಗ ಒಬ್ಳು ಹುಡುಗಿ ಕುದುರೆ ಓಡಿಸ್ಕೊಂಡು ರೈಲಿನ ಕಡೆಗೇ ಬಂದ್ಲಂತೆ, ಇದ್ಯಾವ ಜಾಗ ಅಂತ ಪಕ್ಕದವನನ್ನ ಕೇಳಿದ್ರೆ ಲಾರಮಿ ಅನ್ನೋ ಊರಿಂದ ಪಶ್ಚಿಮಕ್ಕೆ ಎಲ್ಲೋ ಅಂದ್ನಂತೆ, ಅದನ್ನೇ ತಲೆಬರಹ ಮಾಡ್ಕೊಂಡ ಅನ್ನೋದು ಕತೆ. ಕತೆ ಎಷ್ಟು ನಿಜಾನೋ, ಜಾಹೀರಾತು ಬರೆಯೋನ ಬಾಯಿಂದ ಬಂದಿದ್ದು ತಾನೇ.

ಇಂಜಿನ್ ಬಗ್ಗೆ ಬರೆಯೋಕಾದ್ರೂ ಏನಿತ್ತು ಹೇಳಿ. ಜೋರ್ಡನ್ ಕಂಪನಿ ಕ್ಲೀವ್‌ಲ್ಯಾಂಡಲ್ಲಿ ಬಿಡಿಭಾಗ ತರಿಸಿ ಕಾರ್ ಜೋಡಿಸ್ತಿತ್ತು, ಇಂಜಿನ್ನೂ ಹೊರಗಿಂದ ಕೊಂಡಿದ್ದೇ. ರೇಟಲ್ಲಿ ಗುದ್ದಾಡೋಣ ಅಂದ್ರೆ ಎದುರಿಗೆ ಫೋರ್ಡ್ ಮಾಡೆಲ್ ಟಿ, 1908ರಲ್ಲಿ 850 ಡಾಲರ್ ಇದ್ದಿದ್ದು 20ರ ದಶಕದ ಮಧ್ಯಕ್ಕೆ 300ರ ಒಳಗೆ ಬಂದಿತ್ತು. ಹಂಗಾಗಿ ಪುಣ್ಯಾತ್ಮ ಕಾರ್ ಬಿಟ್ಟು ಗಾಳಿ, ಬಿಸ್ಲು, ಹುಡುಗಿ ಇಷ್ಟನ್ನೇ ಮಾರಿದ. ನನಗೆ ಇದು ಮೋಸ ಅನ್ಸಲ್ಲ, ಸ್ಟೈಲಿಗೆ ಅಂತ ಕಾರ್ ತಗೊಳೋನಿಗೆ ಸ್ಟೈಲ್ ಬಗ್ಗೇನೇ ಹೇಳಿದಾನೆ. ಕಂಪನಿ ಮಾತ್ರ 1931ರಲ್ಲಿ ಬಾಗಿಲು ಹಾಕ್ತು.

ಪ್ರಶ್ನೆ: ಅಮೆರಿಕದ ಕಾರ್ ಜಾಹೀರಾತು ಶುರುವಿಂದಲೂ ಹಿಂಗೇ ಬಣ್ಣದ ಮಾತಾ?
ಓದುಗರು, ಹಾಸನ

ಉತ್ತರ: ಇಲ್ಲ, ಶುರುವಲ್ಲಿ ಪಕ್ಕಾ ಲೆಕ್ಕಾಚಾರ. 1898ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ವಿಂಟನ್ ಕಂಪನಿ ಕೊಟ್ಟ ಜಾಹೀರಾತಲ್ಲಿ ಇದ್ದಿದ್ದು ಇಷ್ಟೇ, ಕುದುರೆ ಬಿಡಿ, ಅದನ್ನ ಸಾಕೋ ಖರ್ಚು, ಆರೈಕೆ, ತಲೆನೋವು ಎಲ್ಲ ಉಳಿಸಿ. ಆಗಿನ್ನೂ ಕಾರಿಗೆ ಎದುರಾಳಿ ಇನ್ನೊಂದು ಕಾರಲ್ಲ, ಕುದುರೆ. ಆಮೇಲೆ 1912ರ ಮಾಡೆಲ್‌ಗೆ ಕ್ಯಾಡಿಲಾಕ್ ಕಂಪನಿ ಕೈಯಲ್ಲಿ ತಿರುಗಿಸದೇ ಇಂಜಿನ್ ಶುರು ಮಾಡೋ ಎಲೆಕ್ಟ್ರಿಕ್ ಸ್ಟಾರ್ಟರ್ ತಂತು, ಹಳೇ ಜೀಪಿಗೆ ಹ್ಯಾಂಡಲ್ ಹಾಕಿ ತಿರುಗಿಸಿದೋರಿಗೆ ಅದೆಷ್ಟು ದೊಡ್ಡ ವಿಷಯ ಅಂತ ಗೊತ್ತಿರುತ್ತೆ, ಹ್ಯಾಂಡಲ್ ರಿವರ್ಸ್ ಹೊಡೆದ್ರೆ ಮಣಿಕಟ್ಟು ಮುರೀತಿತ್ತು.

ಆದ್ರೆ ಅದೇ ಕ್ಯಾಡಿಲಾಕ್ 1915ರ ಜನವರಿ 2ರ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ವಾರಪತ್ರಿಕೆಯಲ್ಲಿ ಏನು ಮಾಡ್ತು ನೋಡಿ. ಹೊಸ ವಿ-8 (ಎಂಟು ಸಿಲಿಂಡರ್) ಇಂಜಿನ್ ಕಾರಲ್ಲಿ ವೈರಿಂಗ್ ತೊಂದ್ರೆ ಬಂದು ಎದುರಾಳಿಗಳು ಆಡ್ಕೊಂಡು ನಗ್ತಿದ್ರು. ಕ್ಯಾಡಿಲಾಕ್‌ಗೆ ಜಾಹೀರಾತು ಬರೀತಿದ್ದ ಥಿಯೊಡೋರ್ ಮ್ಯಾಕ್‌ಮ್ಯಾನಸ್ ಅನ್ನೋನು ಅದಕ್ಕೆ ಉತ್ತರಾನೂ ಕೊಡ್ಲಿಲ್ಲ, ಸಮಜಾಯಿಷಿನೂ ಹೇಳ್ಲಿಲ್ಲ, ಮುಂದೆ ಇರೋನಿಗೆ ಹೊಟ್ಟೆಕಿಚ್ಚಿನ ಕಾಟ ತಪ್ಪಿದ್ದಲ್ಲ ಅಂತ ಒಂದು ಪುಟ ಬರೆದ. ಕಾರಿನ ಚಿತ್ರ ಇಲ್ಲ, ಬರಹದ ಒಳಗೆ ಕಾರಿನ ಹೆಸರೂ ಇಲ್ಲ. ಜನ ಅದರ ಪ್ರತಿ ಬೇಕು ಅಂತ ವರ್ಷಗಟ್ಲೆ ಕಂಪನಿಗೆ ಕಾಗದ ಬರೆದ್ರು. ವೈರಿಂಗ್ ವಿಷಯ ಎತ್ತದೇ ಜಾರ್ಕೊಂಡಿದ್ದು ಚಾಲಾಕಿತನಾನೇ, ಆದ್ರೂ ಹೊಡೆತ ಚೆನ್ನಾಗಿದೆ.

ಪ್ರಶ್ನೆ: ನನ್ನ ಹತ್ರಾನೂ ಇಂಥ ಪುಟ ಕೆಲವು ಇವೆ, ಲ್ಯಾಮಿನೇಷನ್ ಮಾಡಿಸ್ಲಾ? ರೇಟ್ ಬರುತ್ತಾ?
ಓದುಗರು, ಚಿಕ್ಕಮಗಳೂರು

ಉತ್ತರ: ಲ್ಯಾಮಿನೇಷನ್ ಬೇಡವೇ ಬೇಡ, ಒಂದ್ಸಲ ಬಿಸಿಯಲ್ಲಿ ಪ್ಲಾಸ್ಟಿಕ್ ಅಂಟಿದ್ರೆ ಮತ್ತೆ ಬಿಡಿಸೋಕಾಗಲ್ಲ. ಸೆಲ್ಲೋಟೇಪೂ ಬೇಡ, ಗೋಂದು ಕಂದು ಕಲೆ ಆಗುತ್ತೆ. ನಮ್ಮ ಕಡೆ ಆಷಾಢದ ಮಳೆಗೆ ಗೋಡೆ ಬೆವರುತ್ತೆ, ಫ್ರೇಮ್ ಹಾಕ್ಸಿದ್ರೆ ಪುಟ ಗಾಜಿಗೆ ತಾಗದ ಹಾಗೆ ಮಧ್ಯೆ ಮೌಂಟ್ (ರಟ್ಟಿನ ಅಂಚು) ಇಡಿಸಿ, ಒಳಗೋಡೆಗೆ ಬಿಸ್ಲು ಬೀಳದ ಕಡೆ ನೇತುಹಾಕಿ, ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತೆ. ರೇಟ್ ಬಗ್ಗೆ ಜಾಸ್ತಿ ಆಸೆ ಬೇಡ, ಮೇಲೆ ಹೇಳಿದ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆನೇ 20ರ ದಶಕದಲ್ಲಿ ವಾರಕ್ಕೆ 20 ಲಕ್ಷಕ್ಕೂ ಮೇಲೆ ಅಚ್ಚಾಗ್ತಿತ್ತು. ಇಡೀ ಸಂಚಿಕೆ ಇದ್ರೆ ಮಾತ್ರ ದಯವಿಟ್ಟು ಪುಟ ಹರೀಬೇಡಿ, ಕವರಿನ ಮೇಲಿನ ತಾರೀಖು ಜೊತೆಗಿದ್ರೆನೇ ಅದು ಯಾವ ವಾರದ್ದು ಅಂತ ಮುಂದಿನವರಿಗೆ ಗೊತ್ತಾಗೋದು.