ರಿವಾಲ್ವರ್ ಬೇಟೆಗೆ ಯಾವ ಆಸರೆ ಒಯ್ಯಬೇಕು?

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ನಿಧಾನವಾಗಿ ಓದಿದೆ. ಏಳೂವರೆ ಇಂಚು ಬ್ಯಾರೆಲ್ಲಿನ .44 ಮ್ಯಾಗ್ನಮ್ ಅನ್ನುವ ಜೋರು ತೋಟೆಯ ರಿವಾಲ್ವರ್, ಮೇಲೆ 2 ಪವರ್ ಸ್ಕೋಪ್ (ಎರಡು ಪಟ್ಟು ದೊಡ್ಡದಾಗಿ ತೋರಿಸುವ ಗುರಿ ದುರ್ಬೀನು), ನವೆಂಬರಿನಲ್ಲಿ ಟೆಕ್ಸಸ್ಸಿನ ಹಿಲ್ ಕಂಟ್ರಿ ಕಡೆ ಬಿಳಿಬಾಲದ ಜಿಂಕೆ ಬೇಟೆ. ಎರಡು ಕಾಲಿನ ಕೋಲು ಕೊಳ್ಳಲಾ, ಟ್ರೈಪಾಡ್ ಕೊಳ್ಳಲಾ, ಇಲ್ಲಾ ಒಂದು ಚೀಲ ಸಾಕಾ ಅಂತ ಕೇಳಿದ್ದೀರಿ. ನಾನು ಇಲ್ಲಿ ಒಂಬತ್ತು ಸೀಸನ್ ರಿವಾಲ್ವರ್ ಹಿಡಿದು ಕೂತಿದ್ದೇನೆ. ಅದರಲ್ಲಿ ಕಲಿತದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಮೊದಲು ಒಂದು ಲೆಕ್ಕ. ಕೈಯ ಹಿಡಿತದಿಂದ ಬ್ಯಾರೆಲ್ಲಿನ ಮೂತಿಯವರೆಗೆ ಒಂದು ಅಡಿ ಅಂತ ಇಟ್ಟುಕೊಳ್ಳಿ. ಮೂತಿ ಬರೀ 1 ಮಿಲಿಮೀಟರ್ ಅಲುಗಿದರೆ 50 ಗಜದಲ್ಲಿ ಗುಂಡು ಸುಮಾರು 6 ಇಂಚು ಆಚೆ ಬೀಳುತ್ತದೆ. ಜಿಂಕೆಯ ಎದೆಯಲ್ಲಿ ನಾವು ಹೊಡೆಯಬೇಕಾದ ಜಾಗ ಸುಮಾರು 8 ಇಂಚಿನ ವೃತ್ತ. ನಡುವಿನಿಂದ ಯಾವ ಕಡೆಗೂ 4 ಇಂಚು ಮಾತ್ರ. ಅಂದರೆ 1 ಮಿಲಿಮೀಟರ್ ತಪ್ಪಿದರೆ ಪ್ರಾಣಿಗೆ ಬರೀ ಗಾಯವಾಗಬಹುದು, ಕೂಡಲೇ ಸಾಯುವುದಿಲ್ಲ. ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುರಿ ಇಡುವುದನ್ನು ನೋಡುತ್ತಾ ಬೆಳೆದವನು. ಅಲ್ಲಿ ಕೋವಿಯ ಹಿಡಿ ಭುಜಕ್ಕೆ ಒತ್ತಿಕೊಂಡಿರುತ್ತದೆ, ಕೆನ್ನೆ ಆ ಹಿಡಿಯ ಮರಕ್ಕೆ ತಾಗಿರುತ್ತದೆ. ಕೈಬಂದೂಕಿಗೆ ಭುಜವೂ ಇಲ್ಲ, ಕೆನ್ನೆಯೂ ಇಲ್ಲ. ಇರುವುದು ಚಾಚಿದ ಎರಡು ಕೈ ಮಾತ್ರ. ಅದಕ್ಕೇ ಇಲ್ಲಿ ಆಸರೆ ಅನ್ನುವುದು ಬೇಕಾದರೆ ಇರಲಿ ಅನ್ನುವ ಸಾಮಾನಲ್ಲ, ಬಂದೂಕಿನದ್ದೇ ಒಂದು ಭಾಗ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮೊದಲ ವರ್ಷ ಬ್ಲೈಂಡಿನ (ಬೇಟೆಗಾರ ಅಡಗಿ ಕೂರುವ ಗೂಡಿನ) ಕಿಟಕಿ ಪಟ್ಟಿ ಮೇಲೆ ಬ್ಯಾರೆಲ್ಲನ್ನೇ ಇಟ್ಟು ಗುರಿ ಹಿಡಿದೆ. ಸ್ಕೋಪಿನ ಗೆರೆ ಕಲ್ಲಿನ ಹಾಗೆ ನಿಂತಿತ್ತು. 45 ಗಜ ದೂರ. ಗುಂಡು ಜಿಂಕೆಯ ಬೆನ್ನಿನ ಮೇಲೆ ಹಾದುಹೋಯಿತು. ಪೂರ್ತಿ ತಪ್ಪಿದ್ದು ಆ ಪ್ರಾಣಿಯ ಪುಣ್ಯ. ಮುಂದಿನ ವಾರ ರೇಂಜಿನಲ್ಲಿ ಹಾಗೆಯೇ ಮರದ ತುಂಡಿನ ಮೇಲೆ ಬ್ಯಾರೆಲ್ ಇಟ್ಟು ಹೊಡೆದು ನೋಡಿದೆ. ಐದೂ ಗುಂಡು ಮೇಲೆಯೇ ಬಿದ್ದವು. ಕಾರಣ ಸರಳ. ಗುಂಡು ಬ್ಯಾರೆಲ್ಲಿನ ಒಳಗಿರುವಾಗಲೇ ರಿವಾಲ್ವರ್ ಹಿಂದಕ್ಕೆ ಒದೆಯಲು, ಮೂತಿ ಏಳಲು ಶುರುವಾಗಿರುತ್ತದೆ. ಕೆಳಗೆ ಗಟ್ಟಿ ಮರವಿದ್ದರೆ ಆ ಏಳುವಿಕೆ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆದ್ದರಿಂದ ಬ್ಯಾರೆಲ್ಲನ್ನು ಯಾವುದಕ್ಕೂ ತಾಗಿಸಬೇಡಿ. ಆಸರೆ ಸಿಗಬೇಕಾದದ್ದು ನಿಮ್ಮ ಕೈಗಳಿಗೆ, ಮಣಿಕಟ್ಟಿಗೆ. ಹೆಚ್ಚೆಂದರೆ ಟ್ರಿಗರ್ ಗಾರ್ಡಿನ ಮುಂದಿನ ಫ್ರೇಮು ಮೆತ್ತನೆಯ ಚೀಲದ ಮೇಲೆ ಕೂರಲಿ. ಬೇಟೆಗೆ ಯಾವ ಆಸರೆ ಒಯ್ಯುತ್ತೀರೋ ಅದರ ಮೇಲೇ ಸ್ಕೋಪ್ ಹೊಂದಿಸಿಕೊಳ್ಳಿ. ಬೆಂಚಿನ ಮೇಲೆ ಒಂದು ಥರ ಹೊಂದಿಸಿ, ಕಾಡಿನಲ್ಲಿ ಇನ್ನೊಂದು ಥರ ಹೊಡೆದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ವಿಷಯ ರಿವಾಲ್ವರಿಗೆ ಮಾತ್ರ ಸೇರಿದ್ದು. ತೋಟೆ ತುಂಬುವ, ತಿರುಗುವ ಸಿಲಿಂಡರಿಗೂ ಬ್ಯಾರೆಲ್ಲಿಗೂ ನಡುವೆ ಸಣ್ಣ ಸಂದು ಇರುತ್ತದಲ್ಲ, ಅಲ್ಲಿಂದ ಪಕ್ಕಕ್ಕೆ ಬಿಸಿ ಅನಿಲ, ಸೀಸದ ಚೂರು ಚಿಮ್ಮುತ್ತವೆ. ಮ್ಯಾಗ್ನಮ್ ತೋಟೆಯಲ್ಲಿ ಅದು ಬಟ್ಟೆಯನ್ನು ಕತ್ತರಿಸುವಷ್ಟು ಜೋರು. ಲೋಹದ ಪ್ರಾಣಿಗಳಿಗೆ 200 ಮೀಟರ್ ತನಕ ಗುರಿ ಇಡುವ ಸಿಲೂಯೆಟ್ ಸ್ಪರ್ಧೆಯವರು ಬೆನ್ನ ಮೇಲೆ ಮಲಗಿ ರಿವಾಲ್ವರನ್ನು ಕಾಲಿಗೆ ಒರಗಿಸಿ ಹೊಡೆಯುತ್ತಾರೆ. ಅವರು ಕಾಲಿಗೆ ತೊಗಲಿನ ಪಟ್ಟಿ ಕಟ್ಟಿಕೊಳ್ಳುವುದು ಇದೇ ಕಾರಣಕ್ಕೆ. ನಿಮ್ಮ ಆಸರೆಯ ಯಾವ ಭಾಗವೂ ಆ ಸಂದಿನ ಪಕ್ಕ ಬರಬಾರದು. ಬೆರಳಂತೂ ಬರಲೇಬಾರದು. ಎರಡೂ ಪಕ್ಕ ಕಿವಿಯ ಹಾಗೆ ಎದ್ದಿರುವ ಚೀಲಗಳು ರೈಫಲ್ಲಿಗೆ ಚೆನ್ನ, ನಮಗೆ ಬೇಡ. ಕಾಂಟೆಂಡರಿನಂಥ ಸಿಂಗಲ್ ಶಾಟ್ ಬಂದೂಕು ಇರುವವರಿಗೆ ಈ ತಲೆನೋವಿಲ್ಲ, ಅವುಗಳಲ್ಲಿ ಸಂದೇ ಇಲ್ಲ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಅಂಗಡಿಗೆ ಹೋಗುವ ಮುಂಚೆ ನೀವು ಎಲ್ಲಿ ಕೂರುತ್ತೀರಿ ಅನ್ನುವುದನ್ನು ತೀರ್ಮಾನ ಮಾಡಿ. ನೆಲದ ಮೇಲೆ ಮರಕ್ಕೆ ಒರಗಿಯೋ, ಬ್ಲೈಂಡಿನೊಳಗೆ ಕುರ್ಚಿಯಲ್ಲೋ, ನಡೆಯುತ್ತಲೋ? ಆಸರೆ ಇದರ ಮೇಲೆ ಬದಲಾಗುತ್ತದೆ.

ಎರಡು ಕಾಲಿನ ಕೋಲು ಹಗುರ. 1870ರ ದಶಕದಲ್ಲಿ ಅಮೆರಿಕದ ಕಾಡೆಮ್ಮೆ (ಬೈಸನ್) ಬೇಟೆಗಾರರು ಎರಡು ಕೋಲನ್ನು ಅಡ್ಡಡ್ಡ ಕಟ್ಟಿ, ಅದರ ಮೇಲೆ ಭಾರದ ಶಾರ್ಪ್ಸ್ ರೈಫಲ್ ಇಟ್ಟು ಹೊಡೆಯುತ್ತಿದ್ದರು. ಅದೇ ಕವೆಕೋಲು ಇವತ್ತು ಅಲ್ಯೂಮಿನಿಯಂನಲ್ಲಿ ಬರುತ್ತದೆ. ಪಕ್ಕಕ್ಕೆ ಅಲುಗದಂತೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಹಿಂದೆ ಮುಂದೆ ತೂಗುತ್ತದೆ. ರೈಫಲ್ಲಿಗೆ ಭುಜ ಮೂರನೇ ಕಾಲಾಗುತ್ತದೆ. ನಮಗೆ ಮೊಣಕೈಯನ್ನು ಮೊಣಕಾಲಿಗೆ ಊರಿದರೆ ಮಾತ್ರ ಆ ಮೂರನೇ ಕಾಲು ಸಿಗುತ್ತದೆ. ಮೂಳೆ ಮೇಲೆ ಮೂಳೆ ಇಡಬೇಡಿ, ಜಾರುತ್ತದೆ. ಮೊಣಕೈಯ ಹಿಂದಿನ ಮಾಂಸದ ಭಾಗ ಊರಿ. ನೆಲದ ಮೇಲೆ ಕೂತು ಬೇಟೆ ಆಡುವುದಾದರೆ ಕುಳ್ಳಗಿನ ಕವೆಕೋಲು ಸಾಕು, ಜಾಸ್ತಿ ದುಡ್ಡು ಹಾಕಬೇಡಿ. ಮನೆಯಲ್ಲೇ ಮುಕ್ಕಾಲು ಇಂಚಿನ ಎರಡು ಕೋಲಿಗೆ ಒಂದು ಬೋಲ್ಟ್ ಹಾಕಿಯೂ ಮಾಡಿಕೊಳ್ಳಬಹುದು. ನಾನು ಮಾಡಿಕೊಂಡದ್ದು ಆರು ವರ್ಷದಿಂದ ಬಾಳುತ್ತಿದೆ.

ಬ್ಲೈಂಡಿನಲ್ಲಿ ಕುರ್ಚಿ ಮೇಲೆ ಕೂರುವುದಾದರೆ ಟ್ರೈಪಾಡೇ ನನ್ನ ಆಯ್ಕೆ. ಆದರೆ ರೈಫಲ್ಲಿನ ಕವೆ ಇರುವ ಟ್ರೈಪಾಡನ್ನು ಹಾಗೇ ಬಳಸಬೇಡಿ. ಆ ಕವೆ ಕಿರಿದು, ಆಳ. ಕೈ ಅದರಲ್ಲಿ ಕೂರುವುದಿಲ್ಲ, ಆಗ ಬ್ಯಾರೆಲ್ಲೇ ಅದರೊಳಗೆ ಹೋಗುತ್ತದೆ. ಕವೆ ಬಿಚ್ಚಿ, ಮೇಲೆ ಅಂಗೈ ಅಗಲದ ಚಪ್ಪಟೆ ಹಲಗೆ ಹಾಕಿ, ಅದರ ಮೇಲೆ ಸಣ್ಣ ಚೀಲ ಕಟ್ಟಿ. ಎರಡೂ ಕೈ ಹಿಡಿದ ಹಿಡಿತ ಪೂರ್ತಿ ಅದರ ಮೇಲೆ ಕೂರಬೇಕು. ಬಂದೂಕನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಟ್ರೈಪಾಡ್‌ಗಳನ್ನು .44ಕ್ಕೆ ನಾನು ಒಪ್ಪುವುದಿಲ್ಲ. ಒದೆತಕ್ಕೆ ಬಂದೂಕು ಏಳಲು ಜಾಗ ಬೇಕು.

ಚೀಲದ ಬಗ್ಗೆ: ಒಳಗೆ ಮರಳು ಬೇಡ, ಹೊರಲಾಗುವುದಿಲ್ಲ. ಅಕ್ಕಿಯೂ ಬೇಡ, ತೇವ ಎಳೆದು ಹುಳ ಹಿಡಿಯುತ್ತದೆ. ಪ್ಲಾಸ್ಟಿಕ್ ಮಣಿ ಹಗುರ, ನೆನೆದರೂ ಒಣಗುತ್ತದೆ. ಚೀಲವನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, ಆಗ ಕೈಗೆ ಗುಳಿ ಬೀಳುತ್ತದೆ. ಕಿಟಕಿ ಪಟ್ಟಿ ಸರಿಯಾದ ಎತ್ತರದಲ್ಲಿದ್ದರೆ ಟ್ರೈಪಾಡೂ ಬೇಡ, ಈ ಚೀಲ ಒಂದೇ ಸಾಕು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ಸ್ಕೋಪು ಬ್ಯಾರೆಲ್ಲಿಗಿಂತ ಮೇಲಿದೆ. ಸ್ಕೋಪಿನಲ್ಲಿ ಜಿಂಕೆ ಚೆನ್ನಾಗಿ ಕಾಣುತ್ತಿರುವಾಗಲೇ ಬ್ಯಾರೆಲ್ಲಿನ ಮುಂದೆ ಕಿಟಕಿ ಪಟ್ಟಿ ಅಡ್ಡ ಇರಬಹುದು. ಮೂತಿ ಕಿಟಕಿಯಿಂದ ಹೊರಗೆ ಬಂದಿದೆಯಾ ಅಂತ ಪ್ರತಿ ಸಲ ಕಣ್ಣಿನಿಂದ ನೋಡಿ. ಹಾಗೆಯೇ ಆಸರೆ ಸಿಕ್ಕಿತು ಅಂತ ಮೊಣಕೈ ಮಡಚಿ ಬಂದೂಕನ್ನು ಮುಖದ ಹತ್ತಿರ ತರಬೇಡಿ. ಹ್ಯಾಂಡ್‌ಗನ್ ಸ್ಕೋಪು ಕೈ ಚಾಚಿ ನೋಡಲು ಮಾಡಿದ್ದು. ಹತ್ತಿರ ತಂದರೆ ಹಣೆ ಒಡೆಯುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ಬ್ಲೈಂಡಿನೊಳಗೆ ಒಂದು ಗುಂಡೂ ಹೊಡೆಯಬೇಡಿ.

ಯಾವುದು ಕೊಂಡರೂ ಸದ್ದು ಪರೀಕ್ಷೆ ಮಾಡಿ. ಕಾಲು ಎಳೆದಾಗ ಟಕ್ ಅನ್ನುವ ಲಾಕ್, ಪರ್ ಅನ್ನುವ ವೆಲ್‌ಕ್ರೋ, ಎರಡೂ 40 ಗಜದ ಜಿಂಕೆಗೆ ಕೇಳುತ್ತವೆ. ಲೋಹಕ್ಕೆ ಬಟ್ಟೆ ಟೇಪ್ ಸುತ್ತಿ. ಬ್ಲೈಂಡಿಗೆ ಹೋದ ಕೂಡಲೇ ಕಾಲುಗಳ ಎತ್ತರ ಹೊಂದಿಸಿ ಇಟ್ಟುಬಿಡಿ.

ಆಮೇಲೆ ಅಭ್ಯಾಸ. 8 ಇಂಚಿನ ಪೇಪರ್ ತಟ್ಟೆ ನಿಲ್ಲಿಸಿ, ಬೇಟೆಯ ಕುರ್ಚಿಯಲ್ಲೇ ಕೂತು, ಅದೇ ಆಸರೆ ಮೇಲೆ ಐದು ಗುಂಡು ಹೊಡೆಯಿರಿ. 25 ಗಜದಿಂದ ಶುರು ಮಾಡಿ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ಕೊನೆಯ ದೂರವೇ ನಿಮ್ಮ ಮಿತಿ. ನನ್ನದು 75 ಗಜ. 80ರಲ್ಲಿ ಎಷ್ಟೇ ದೊಡ್ಡ ಕೊಂಬಿನ ಗಂಡು ನಿಂತರೂ ಬಂದೂಕು ಎತ್ತುವುದಿಲ್ಲ.

ನೀವು ಎಚ್-1ಬಿ ಮೇಲೆ ಇದ್ದೀರಿ ಅಂತ ಬರೆದಿದ್ದೀರಿ, ಅದಕ್ಕೆ ಇದನ್ನೂ ಹೇಳುತ್ತೇನೆ. ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸಿನ ಕೊನೆ ದಿನಾಂಕ ನೋಡಿಕೊಳ್ಳಿ, ರೇಂಜಿಗೆ ಹೋಗುವಾಗಲೂ ಅದು ಜೇಬಿನಲ್ಲಿರಲಿ. ಟೆಕ್ಸಸ್ಸಿನಲ್ಲಿ ಸೆಪ್ಟೆಂಬರ್ 2, 1971ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಅನ್ನುವ ಬೇಟೆ ತರಬೇತಿ ಮಾಡಿರಬೇಕು.

ಈ ಶನಿವಾರ ಲೀಸಿಗೆ (ಬೇಟೆಗೆ ಬಾಡಿಗೆ ಹಿಡಿದ ಜಮೀನಿಗೆ) ಹೋದರೆ ಟೇಪು ಹಿಡಿದು ಹೋಗಿ. ಕುರ್ಚಿಯಲ್ಲಿ ಕೂತು ಕೈ ಚಾಚಿ, ನೆಲದಿಂದ ಮಣಿಕಟ್ಟಿನವರೆಗೆ ಎಷ್ಟು ಎತ್ತರ, ಕಿಟಕಿ ಪಟ್ಟಿ ಎಷ್ಟು ಎತ್ತರ ಅಂತ ಅಳೆದು ಇಲ್ಲೇ ಬರೆಯಿರಿ. ಎರಡರ ನಡುವೆ ಮೂರು ನಾಲ್ಕು ಇಂಚು ಮಾತ್ರ ವ್ಯತ್ಯಾಸ ಇದ್ದರೆ ಏನೂ ಕೊಳ್ಳಬೇಡಿ, ನನ್ನ ಹತ್ತಿರ ಒಂದು ಚೀಲ ಹೆಚ್ಚಿಗೆ ಇದೆ, ಕಳಿಸುತ್ತೇನೆ.